ನೀಲಿ ಮುಚ್ಚಳದ ಇಲಿಗಳು

ಜನವರಿ ೯, ಗುರುವಾರ

ಮಹಾನುಭಾವ ಕೊನೆಗೂ ನನ್ನ ಬಾಗಿಲಿಗೆ ಬಂದಿದ್ದಾನೆ.

ಸ್ವತಃ ಬಂದಿಲ್ಲ, ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ನಮ್ಮ ನಿರ್ದೇಶಕರಿಗೆ ಫೋನ್ ಮಾಡಿದ್ದಾನೆ. ರಕ್ತದ ಕಾಯಿಲೆಗಳ ಈ ದೊಡ್ಡ ಡಾಕ್ಟರು ಏನೋ ಹೊಸ ವಿಧಾನ ಕಂಡುಹಿಡಿದಿದ್ದಾರಂತೆ. ದಾನಿಯಿಂದ ತೆಗೆದ ಕಾಂಡಕೋಶಗಳನ್ನು ರೋಗಿಗೆ ಕೊಡುವ ಮೊದಲು ಒಂದು ಬಗೆಯಲ್ಲಿ ಒಗೆಯುತ್ತಾರಂತೆ. ಒಗೆದರೆ ಹೊಸ ರಕ್ತ ಹುಟ್ಟಿಸುವ ಕೋಶಗಳು ಉಳಿದು, ಜೊತೆಗೆ ಬರುವ ಜಗಳಗಂಟಿ ಕಾವಲು ಕೋಶಗಳು ಮಾತ್ರ ಹೊರಗೆ ಹೋಗುತ್ತವಂತೆ. ಆ ಕಾವಲು ಕೋಶಗಳೇ ರೋಗಿಯ ಮೈಯನ್ನು ಪರಕೀಯ ಎಂದು ತಿಳಿದು ಕಡಿಯುವುದು. ಮನುಷ್ಯರಿಗೆ ಕೊಡುವ ಮೊದಲು ಇದನ್ನು ಇಲಿಗಳಲ್ಲಿ ತೋರಿಸಬೇಕು. ಅದಕ್ಕೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ, ಮನುಷ್ಯರ ರಕ್ತ ಒಳಗೆ ಬಿಟ್ಟರೂ ಬೇಡ ಎನ್ನದ ಇಲಿಗಳು ಬೇಕು. ಅಂಥವನ್ನು ಸಾಕುವ ಕೋಣೆ ಈ ಊರಿನಲ್ಲಿ ಒಂದೇ ಇದೆ. ಅದರ ಬೀಗದ ಕೈ ನನ್ನ ಹತ್ತಿರ ಇದೆ.

"ನಿಮಗೆ ಕಷ್ಟ ಆಗೋದಾದ್ರೆ ಆಗಲ್ಲ ಅಂತ ಹೇಳ್ಬಿಡ್ತೀನಿ" ಅಂದರು ನಿರ್ದೇಶಕರು. ತಮ್ಮನ ವಿಷಯ ಅವರಿಗೆ ಗೊತ್ತು.

"ಕಷ್ಟ ಏನು ಸಾರ್, ಕೆಲಸ ತಾನೇ" ಅಂದೆ. ನನ್ನ ದನಿ ಎಷ್ಟು ಮೃದುವಾಗಿತ್ತೆಂದರೆ ಅವರು ಒಂದು ಕ್ಷಣ ನನ್ನನ್ನೇ ನೋಡಿದರು.

ಮೂರು ವರ್ಷದ ಹಿಂದೆ ತಮ್ಮನ ಮೂಳೆಮಜ್ಜೆ ಬತ್ತಿಹೋಗಿ ರಕ್ತ ಹುಟ್ಟುವುದೇ ನಿಂತಾಗ ಕಸಿ ಮಾಡಿದ್ದು ಇದೇ ಮಹಾನುಭಾವ. ದಾನಿ ನಾನು. ಅಕ್ಕ ತಮ್ಮ ಇಷ್ಟು ಚೆನ್ನಾಗಿ ಹೊಂದುವುದು ಅಪರೂಪ ಎಂದು ಇವನೇ ನನ್ನನ್ನು ಹೊಗಳಿದ್ದ. ಹೊಸ ರಕ್ತ ಹುಟ್ಟಿತು, ತಮ್ಮ ಮನೆಗೆ ಬಂದ. ಆಮೇಲೆ ಕಾವಲು ಕೋಶಗಳನ್ನು ಹತೋಟಿಯಲ್ಲಿಡುವ ಔಷಧಿಯನ್ನು ಇವನು ಬೇಗ ಇಳಿಸಿದ. ಇನ್ನು ಬೇಕಾಗಿಲ್ಲ ಎಂದ. ತಮ್ಮನ ಚರ್ಮ ಕೆಂಪಾಯಿತು, ಸುಲಿಯಿತು, ಊಟ ನಿಂತಿತು, ಕಣ್ಣು ಹಳದಿಯಾಯಿತು. ತಮ್ಮ ಹೋದ ದಿನ ಮಹಾನುಭಾವ ವಾರ್ಡಿನ ಬಾಗಿಲ ತನಕ ಬಂದು, ನನ್ನ ಮುಖ ನೋಡಿ, ಒಂದು ಮಾತೂ ಆಡದೆ ಬೆನ್ನು ತಿರುಗಿಸಿ ಹೋದ.

ಈಗ ಅವನ ಗೆಲುವು ಸೋಲು ನನ್ನ ಇಲಿಗಳ ಮೇಲೆ ನಿಂತಿದೆ. ಅವನು ಸೋಲಬೇಕು. ಎಲ್ಲರ ಎದುರಿಗೆ, ತಲೆ ಎತ್ತದ ಹಾಗೆ ಸೋಲಬೇಕು. ನನಗೆ ಬೇಕಾದದ್ದು ಇಷ್ಟೇ.

ಜನವರಿ ೧೦, ಶುಕ್ರವಾರ

ಅಮ್ಮನಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಮಡಚುವುದು ನಿಲ್ಲಿಸಲಿಲ್ಲ.

"ಆ ಡಾಕ್ಟರು ತುಂಬಾ ಸಣ್ಣಗಾಗಿದಾರಂತೆ" ಅಂದಳು. "ಕೆಳಗಿನ ಮನೆಯವಳು ಹೇಳ್ತಿದ್ಲು."

"ಇನ್ನೂ ಸಣ್ಣಗಾಗ್ತಾನೆ, ತಾಳು" ಅಂದೆ.

ಅಮ್ಮ ಒಂದು ಟವೆಲನ್ನು ಎರಡು ಸಲ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಅವಳಿಗೆ ಸಿಟ್ಟೇ ಬರುವುದಿಲ್ಲ. ಇಬ್ಬರ ಪಾಲಿನದನ್ನೂ ನಾನೇ ಹೊರಬೇಕು.

ಜನವರಿ ೧೭, ಶುಕ್ರವಾರ

ಇವತ್ತು ಕಸಿ ಮುಗಿಯಿತು. ನಿನ್ನೆಯೇ ಇಲಿಗಳಿಗೆ ಸ್ವಲ್ಪ ವಿಕಿರಣ ಕೊಟ್ಟು ಅವುಗಳ ಮಜ್ಜೆಯಲ್ಲಿ ಜಾಗ ಖಾಲಿ ಮಾಡಿಸಿದ್ದೆ. ಬೆಳಿಗ್ಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಆಸ್ಪತ್ರೆಯಿಂದ ಕೊಳವೆಗಳು ಬಂದವು. ಅರ್ಧಕ್ಕೆ ಕೆಂಪು ಮುಚ್ಚಳ, ಅರ್ಧಕ್ಕೆ ನೀಲಿ. ಒಂದು ಬಣ್ಣದವು ಒಗೆದ ಕೋಶಗಳು, ಇನ್ನೊಂದು ಒಗೆಯದವು. ಎರಡೂ ಒಬ್ಬನೇ ದಾನಿಯವು. ಯಾವುದು ಯಾವುದು ಅನ್ನುವುದು ನಮ್ಮ ಲೆಕ್ಕದ ಮೇಡಂಗೆ ಬಿಟ್ಟರೆ ಇಲ್ಲಿ ಯಾರಿಗೂ ಗೊತ್ತಿರಬಾರದು. ಅಂಕಿಅಂಶ ನೋಡುವವರು ಅವರು, ಬಾಯಿ ಭದ್ರ. ಪರೀಕ್ಷೆ ಮಾಡುವವರಿಗೆ ಗೊತ್ತಾದರೆ ಮನಸ್ಸು ಒಂದು ಕಡೆಗೆ ವಾಲುತ್ತದೆ, ಅದಕ್ಕೆ ಈ ಗುಟ್ಟು.

ಆದರೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಲು ಅವರ ಕೈಲಾಗುವುದಿಲ್ಲ. ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಮುಚ್ಚಳದವು ತುಸು ಗುಲಾಬಿ. ನೀಲಿಯವು ತಿಳಿ. ಒಗೆದಾಗ ಉಳಿದ ಕೆಂಪು ರಕ್ತಕಣವೂ ಹೋಗುತ್ತದೆ, ಬಣ್ಣವೂ ಹೋಗುತ್ತದೆ. ಅಂದಮೇಲೆ ನೀಲಿ ಮುಚ್ಚಳದ್ದೇ ಮಹಾನುಭಾವನದು. ನನಗೆ ನಗು ಬಂತು. ಮುಖಗವಸು ಇದ್ದುದರಿಂದ ಯಾರಿಗೂ ಕಾಣಲಿಲ್ಲ.

ಒಂದೊಂದೇ ಇಲಿಯ ಬಾಲವನ್ನು ಬೆಚ್ಚಗಿನ ದೀಪದಡಿ ಇಟ್ಟು, ನರ ಎದ್ದ ಮೇಲೆ ಸೂಜಿ ಹಾಕಿದೆ. ಒಂದೂ ತಪ್ಪಲಿಲ್ಲ. ಪಕ್ಕದಲ್ಲಿ ಪಂಜರ ಹಿಡಿದು ನಿಂತಿದ್ದ ಇಲಿಯಪ್ಪ, "ಮೇಡಂ, ಇವತ್ತು ನಿಮ್ಮ ಕೈಯಲ್ಲಿ ಏನೋ ಹುರುಪು" ಅಂದ. ಇಲಿಕೋಣೆ ನೋಡಿಕೊಳ್ಳುವ ಈ ಹಿರಿಯನನ್ನು ಎಲ್ಲರೂ ಕರೆಯುವುದೇ ಹಾಗೆ, ಹೆಂಡತಿಯೂ ಹಾಗೇ ಕರೆಯುತ್ತಾಳಂತೆ.

ಸಂಜೆ ಪಂಜರಗಳನ್ನು ಜೋಡಿಸುವಾಗ ಒಂದು ಕೆಲಸ ಮಾಡಿದೆ. ನಿಯಮದ ಪ್ರಕಾರ ಎರಡೂ ಬಣ್ಣದವನ್ನು ಬೆರೆಸಿಟ್ಟು, ವಾರಕ್ಕೊಮ್ಮೆ ಜಾಗ ಬದಲಿಸಬೇಕು. ನಾನು ಕೆಂಪಿನವನ್ನೆಲ್ಲಾ ನಡುವಿನ ಬೆಚ್ಚಗಿನ ಅಟ್ಟದಲ್ಲಿಟ್ಟೆ. ನೀಲಿಯವನ್ನು ಮೇಲೆ, ತಣ್ಣನೆಯ ಗಾಳಿ ಬೀಸುವ ಕಿಂಡಿಯ ಬಾಯಿಗೆ ಇಟ್ಟೆ. ಯಾರಾದರೂ ಕೇಳಿದರೆ ಮರೆತೆ ಅನ್ನಬಹುದು. ಅವನು ಔಷಧಿ ಇಳಿಸಿದ್ದೂ ಹೀಗೇ ಸಲೀಸಾಗಿ ತಾನೇ?

ಜನವರಿ ೨೯, ಬುಧವಾರ

ಏನೂ ಇಲ್ಲ. ತಿನ್ನುತ್ತವೆ, ಮಲಗುತ್ತವೆ. ಕೆಂಪಿನವಕ್ಕೆ ನೆನೆಸಿದ ಮೆತ್ತನೆ ಆಹಾರ ಹಾಕಿದೆ. ನೀಲಿಯವು ಒಣ ಉಂಡೆಯನ್ನೇ ಕಡಿಯಲಿ.

ಫೆಬ್ರವರಿ ೧೧, ಮಂಗಳವಾರ

ಮೊದಲ ರಕ್ತಪರೀಕ್ಷೆ. ಎರಡೂ ಗುಂಪಿನ ಇಲಿಗಳಲ್ಲಿ ಮನುಷ್ಯರ ರಕ್ತಕೋಶಗಳು ಕಾಣಿಸಿಕೊಂಡಿವೆ. ಎಷ್ಟು ಸಲ ನೋಡಿದ್ದರೂ ಇದೊಂದು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಎಲ್ಲೋ ಬದುಕಿರುವ ಒಬ್ಬ ಮನುಷ್ಯನ ರಕ್ತ ಇಲ್ಲಿ ಇಷ್ಟು ಸಣ್ಣ ಮೈಯಲ್ಲಿ ಹುಟ್ಟಿ ಹರಿಯುತ್ತಿದೆ. ಯಾರೋ ಪುಣ್ಯಾತ್ಮ. ಮಹಾನುಭಾವನ ಹೆಸರಿಗೆ ಕಿರೀಟ ತೊಡಿಸಲು ಮೈ ಚುಚ್ಚಿಸಿಕೊಂಡಿದ್ದಾನೆ ಪಾಪ.

ಎರಡೂ ಗುಂಪು ಆರೋಗ್ಯವಾಗಿದ್ದರೆ ಮಹಾನುಭಾವ ಗೆದ್ದ ಹಾಗೂ ಅಲ್ಲ, ಸೋತ ಹಾಗೂ ಅಲ್ಲ. ನನಗೆ ಅಂಥ ಅರೆಬರೆ ಬೇಡ.

ಫೆಬ್ರವರಿ ೨೦, ಗುರುವಾರ

ಶುರುವಾಯಿತು!

ಬೆಳಿಗ್ಗೆ ಇಲಿಯಪ್ಪ ಕೂಗಿದ, "ಮೇಡಂ, ಮೇಲಿನವು ಯಾಕೋ ಗೂನು ಹಾಕ್ಕೊಂಡು ಕೂತಿದಾವೆ ನೋಡಿ." ಓಡಿದೆ. ನೀಲಿ ಪಂಜರಗಳಲ್ಲಿ ಮೂರ್ನಾಲ್ಕು ಇಲಿಗಳು ಬೆನ್ನು ಬಾಗಿಸಿ, ರೋಮ ಕೆದರಿ, ಕಣ್ಣು ಅರ್ಧ ಮುಚ್ಚಿ ಕೂತಿವೆ. ತೂಕ ಇಳಿದಿದೆ. ಇದು ಚಳಿಯಿಂದ ಆಗುವುದಲ್ಲ, ನನಗೆ ಗೊತ್ತು. ಒಳಗೆ ಹೋದ ಕಾವಲು ಕೋಶಗಳು ಇಲಿಯ ಮೈಯನ್ನು ಕಡಿಯಲು ಹತ್ತಿವೆ. ಕೆಂಪಿನವು ಮಾತ್ರ ಗುಂಡುಗುಂಡಾಗಿ ಓಡಾಡಿಕೊಂಡಿವೆ.

ಅಂದರೆ ಅವನ ಒಗೆತ ಉಲ್ಟಾ ಹೊಡೆದಿದೆ! ಒಗೆದವು ಕಡಿಯುತ್ತಿವೆ, ಒಗೆಯದವು ಸುಮ್ಮನಿವೆ. ಇಂಥ ಸೋಲನ್ನು ನಾನು ಕನಸಿನಲ್ಲೂ ಕೇಳಿಕೊಂಡಿರಲಿಲ್ಲ. ಹೊಟ್ಟೆ ತಣ್ಣಗಾಯಿತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎರಡು ಟೀ ಕುಡಿದೆ, ಲೆಕ್ಕದ ಮೇಡಂಗೂ ಕುಡಿಸಿದೆ. "ಏನು ವಿಶೇಷ?" ಅಂದರು. "ಹವಾ ಚೆನ್ನಾಗಿದೆ" ಅಂದೆ.

ಫೆಬ್ರವರಿ ೨೧, ಶುಕ್ರವಾರ

ಪಾತ್ರೆ ತೊಳೆಯುವಾಗ ನಾನು ಹಾಡುತ್ತಿದ್ದೆನಂತೆ. ಅಮ್ಮ ಬಂದು ನೋಡಿ ಹೋದಳು.

ಮಾರ್ಚ್ ೪, ಮಂಗಳವಾರ

ನೀಲಿಯವುಗಳ ಕಿವಿಯ ಅಂಚು ಸುಲಿಯುತ್ತಿದೆ. ಪಾದಗಳಲ್ಲೂ. ತಮ್ಮನಿಗೂ ಮೊದಲು ಅಂಗೈ, ಆಮೇಲೆ ಕಿವಿ. "ಅಕ್ಕಾ, ನಾನು ಹಾವಾಗ್ತಿದೀನಿ ನೋಡೇ, ಪೊರೆ ಬಿಡ್ತಿದೀನಿ" ಅಂತ ನಗಿಸಲು ನೋಡಿದ್ದ. ನಾನು ನಕ್ಕಿರಲಿಲ್ಲ. ನಕ್ಕುಬಿಡಬೇಕಿತ್ತು.

ಒಂದು ಇಲಿ ಒಣ ಉಂಡೆಯ ಹತ್ತಿರ ಹೋಗುತ್ತದೆ, ಮೂಸುತ್ತದೆ, ಬಾಯಿ ಹಾಕಲಾಗದೆ ವಾಪಸು ಬರುತ್ತದೆ. ಅದನ್ನೇ ನೋಡುತ್ತಾ ನಿಂತೆ. ಆಮೇಲೆ ನೀಲಿಯವಕ್ಕೂ ಮೆತ್ತನೆ ಆಹಾರ ಕೊಡಲು ಇಲಿಯಪ್ಪನಿಗೆ ಹೇಳಿದೆ. ಕರುಣೆಯೂ ಇಲ್ಲ, ಮಣ್ಣೂ ಇಲ್ಲ. ನಾಳೆ ಮಹಾನುಭಾವ, "ಹಸಿವಿನಿಂದ ಸೊರಗಿದವು" ಎಂದು ನುಣುಚಿಕೊಳ್ಳಬಾರದು. ಅವನಿಗೆ ಒಂದು ನೆಪವೂ ಸಿಗಕೂಡದು. ಅದೇ ಕಾರಣಕ್ಕೆ ನೀಲಿ ಪಂಜರಗಳನ್ನು ಬೆಚ್ಚಗಿನ ಅಟ್ಟಕ್ಕೆ ತಂದು, ಕೆಂಪಿನವನ್ನು ಮೇಲೆ ಹತ್ತಿಸಿದೆ. ಅವಕ್ಕೇನು, ಗಟ್ಟಿಮುಟ್ಟಾಗಿವೆ.

"ಏನ್ ಮೇಡಂ, ಮನೆ ಬದಲಾಯಿಸ್ತಿದೀರಿ?" ಅಂದ ಇಲಿಯಪ್ಪ. "ಸುಮ್ನೆ ಹಿಡ್ಕೊಳ್ಳಪ್ಪ" ಅಂದೆ.

ಮಾರ್ಚ್ ೧೨, ಬುಧವಾರ

ನೀಲಿಯಲ್ಲಿ ಒಂದನ್ನು ಇವತ್ತು ಔಷಧಿ ಕೊಟ್ಟು ಕೊನೆಯ ನಿದ್ದೆಗೆ ಮಲಗಿಸಬೇಕಾಯಿತು. ತೂಕ ತೀರಾ ಇಳಿದರೆ ನರಳಲು ಬಿಡಬಾರದು ಅನ್ನುವುದು ನಿಯಮ. ಕೈಯಲ್ಲಿ ಬೆಚ್ಚಗಿತ್ತು.

ಇನ್ನೇನೂ ಬರೆಯಲು ಇಲ್ಲ.

ಮಾರ್ಚ್ ೧೭, ಸೋಮವಾರ

ಇಲಿಕೋಣೆಯಲ್ಲಿ ಒಂದು ಸ್ಟೂಲು ಹಾಕಿಸಿಕೊಂಡಿದ್ದೇನೆ. ನೀಲಿಯವಕ್ಕೆ ಸೂಜಿಯಿಲ್ಲದ ಸಿರಿಂಜಿನಲ್ಲಿ ನಾನೇ ಹನಿಹನಿಯಾಗಿ ಕುಡಿಸುತ್ತೇನೆ. ಬೇರೆಯವರಿಗೆ ಬಿಟ್ಟರೆ ಅವಸರ ಮಾಡುತ್ತಾರೆ. ಒಂದು ಕಿಲಾಡಿ ಇದೆ, ಗೂನು ಬೆನ್ನು ಹೊತ್ತುಕೊಂಡೇ ನನ್ನ ಗವಸಿನ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿಯುತ್ತದೆ. ಇಲಿಯಪ್ಪ ನೋಡಿ, "ಗೂನಪ್ಪನಿಗೆ ಅಮ್ಮ ಸಿಕ್ಕಿದ್ಲು" ಅಂದ. ಹೆಣ್ಣು ಅದು, ಗೂನಪ್ಪ ಅಂತೆ. ಅವನಿಗೆ ಬೈದೆ.

ಮಹಾನುಭಾವನ ಸೋಲು ಬರೆದಿಟ್ಟಂತಾಗಿದೆ. ಇನ್ನು ಎಲ್ಲರನ್ನೂ ಸೇರಿಸಿ ಗುಟ್ಟು ಒಡೆಯುವ ದಿನ ಗೊತ್ತುಮಾಡಬೇಕು. ಅವನ ವಾರ್ಡಿನವರೂ ಬರಲಿ, ನರ್ಸುಗಳೂ ಬರಲಿ.

ಮಾರ್ಚ್ ೨೭, ಗುರುವಾರ

ಬಂದ. ಮೂರು ವರ್ಷದಲ್ಲಿ ಮೊದಲ ಸಲ ಎದುರುಬದುರು ನಿಂತೆವು. ಕೆಳಗಿನ ಮನೆಯವಳು ಹೇಳಿದ್ದು ನಿಜ, ಅಂಗಿಯ ಕತ್ತಿನ ಪಟ್ಟಿಯೊಳಗೆ ಕತ್ತು ಸಡಿಲವಾಗಿ ಆಡುತ್ತಿತ್ತು.

"ಹೇಗಿದೀರಿ?" ಅಂದ.

"ನೋಡ್ತಿದೀರಲ್ಲ" ಅಂದೆ.

ಗಾಜಿನ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಬೇಕೆಂತಲೇ ನೀಲಿ ಪಂಜರಗಳ ಎದುರಿಗೆ ನಿಲ್ಲಿಸಿದೆ. ಯಾವ ಬಣ್ಣ ಯಾವುದು ಅನ್ನುವುದು ಅವನಿಗೂ ಗೊತ್ತಿಲ್ಲ, ಆಸ್ಪತ್ರೆಗೆ ಹೋಗಿ ಕೊಳವೆಗೆ ಮುಚ್ಚಳ ಹಾಕಿದವರು ಲೆಕ್ಕದ ಮೇಡಂ. ಅವನು ಗಾಜಿಗೆ ಹಣೆ ತಾಗುವಷ್ಟು ಬಗ್ಗಿ ನೋಡಿದ. ಮುಖ ಬಿಳಿಚಿಕೊಂಡಿತು.

"ತಿಂತಿದಾವಾ?" ಅಂದ.

"ನಾನು ಕುಡಿಸಿದ್ರೆ ಕುಡೀತಾವೆ."

"ಇವು ಒಗೆದವಾಗಿದ್ರೆ ನನ್ನ ಕತೆ ಮುಗೀತು" ಅಂದ, ನನಗಲ್ಲ, ಗಾಜಿಗೆ. "ವಾರ್ಡಲ್ಲಿ ಒಬ್ಬಳು ಹುಡುಗಿ ಕಾಯ್ತಿದಾಳೆ. ಅವಳಣ್ಣನ ಸೆಲ್ಸ್ ಹೊಂದುತ್ತೆ. ಆದ್ರೆ ಒಗೀದೆ ಕೊಡೋಕೆ ನನಗೆ ಧೈರ್ಯ ಇಲ್ಲ."

ಎಷ್ಟೋ ದಿನದಿಂದ ಕಾದಿದ್ದ ಮುಖ ಅದು. ಕಣ್ತುಂಬ ನೋಡಿಕೊಂಡೆ. ಖುಷಿಯಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವನು ಹೋದ ಮೇಲೆ ಊಟ ಸೇರಲಿಲ್ಲ. ಕ್ಯಾಂಟೀನಿನವನು ಇತ್ತೀಚೆಗೆ ಎಣ್ಣೆ ಸರಿಯಾಗಿ ಬಳಸುತ್ತಿಲ್ಲ.

ಏಪ್ರಿಲ್ ೧, ಮಂಗಳವಾರ

ಪರೀಕ್ಷೆ ಮುಗಿಯಿತು. ಉಳಿದ ಎಲ್ಲವನ್ನೂ ಮಲಗಿಸಿ, ತೊಡೆಮೂಳೆಯ ಮಜ್ಜೆ ತೆಗೆದು ನೋಡಿದೆ. ಕೆಂಪಿನವುಗಳಲ್ಲಿ ಮನುಷ್ಯರ ಕಾಂಡಕೋಶಗಳು ತುಂಬು ಸಂಸಾರ ಹೂಡಿವೆ. ನೀಲಿಯವುಗಳಲ್ಲಿ ಮಜ್ಜೆ ಒಣಗಿಹೋಗಿದೆ. ಗೂನಪ್ಪನನ್ನು ಕೊನೆಗೆ ಇಟ್ಟುಕೊಂಡಿದ್ದೆ.

ನಾಡಿದ್ದು ಸಭೆ. ನೀಲಿ ಅಂಚಿನ ಸೀರೆ ಇಸ್ತ್ರಿ ಮಾಡಿಸಿದ್ದೇನೆ. ಅವನು ಅದನ್ನು ಗಮನಿಸದಿದ್ದರೂ ಪರವಾಗಿಲ್ಲ, ನನಗೆ ಗೊತ್ತಿದ್ದರೆ ಸಾಕು.

ಏಪ್ರಿಲ್ ೩, ಗುರುವಾರ

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಸಭೆಯ ಕೋಣೆ ತುಂಬಿತ್ತು. ಎಲ್ಲರನ್ನೂ ನಾನೇ ಕರೆದಿದ್ದೆ ತಾನೇ. ಫಲಿತಾಂಶವನ್ನು ನಾನೇ ಪರದೆಯ ಮೇಲೆ ತೋರಿಸಿದೆ. ನೀಲಿಯವುಗಳ ಚಿತ್ರ ಬಂದಾಗ ಒಬ್ಬ ನರ್ಸ್ ಮುಖ ತಿರುಗಿಸಿದಳು. "ಈಗ ಯಾವುದು ಯಾವುದು ಅಂತ ಹೇಳಿಬಿಡಿ ಮೇಡಂ" ಅಂದೆ. ಮಹಾನುಭಾವನ ಮುಖಕ್ಕೆ ನೇರವಾಗಿ ಇರುವ ಕುರ್ಚಿಯಲ್ಲಿ ಕೂತುಕೊಂಡೆ.

ಲೆಕ್ಕದ ಮೇಡಂ ಕನ್ನಡಕ ಸರಿಮಾಡಿಕೊಂಡು, "ಕೆಂಪು ಒಗೆದದ್ದು, ನೀಲಿ ಒಗೆಯದ್ದು" ಅಂದರು.

ಚಪ್ಪಾಳೆ ಹೊಡೆದರು ಜನ. ನಾನು, "ಅದು ಹೇಗೆ, ನೀಲಿಯದು ತಿಳಿಯಾಗಿತ್ತಲ್ಲ" ಅಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಅಯ್ಯೋ, ಒಗೆದ್ರೆ ಬಣ್ಣ ಹೋಗಿ ಗೊತ್ತಾಗ್ಬಿಡುತ್ತಲ್ಲ, ಅದಕ್ಕೆ ಒಗೆದದ್ದಕ್ಕೆ ಒಂಚೂರು ಕೆಂಪು ರಕ್ತಕಣ ವಾಪಸ್ ಬೆರೆಸಿದ್ದೆ" ಅಂದರು ಮೇಡಂ ನಗುತ್ತಾ. "ಕೈ ಸ್ವಲ್ಪ ಜೋರಾಯ್ತು."

ಅವನು ಮೇಜಿನ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿ ಕೂತಿದ್ದ. ಗೆದ್ದವನ ಹಾಗೆ ಕಾಣಲಿಲ್ಲ. ಗೆದ್ದದ್ದು ಅವನೇ. ನಾನು ಕರೆಸಿದ ಜನರ ಎದುರಿಗೆ, ನಾನು ಇಸ್ತ್ರಿ ಮಾಡಿಸಿದ ಸೀರೆಯ ಎದುರಿಗೆ ಗೆದ್ದ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ದುಃಖಕ್ಕಲ್ಲ, ಹೊಟ್ಟೆಕಿಚ್ಚಿಗೆ.

ಏಪ್ರಿಲ್ ೪, ಶುಕ್ರವಾರ

ಬೆಳಿಗ್ಗೆ ಅವನು ನನ್ನ ಕೋಣೆಗೆ ಬಂದ. ಬಾಗಿಲಲ್ಲೇ ನಿಂತ.

"ಒಳಗೆ ಬನ್ನಿ, ಇಲ್ಲಾಂದ್ರೆ ಅವತ್ತಿನ ಹಾಗೆ ತಿರುಗಿ ಹೋಗಿ" ಅಂದೆ.

ಬಂದು ಕೂತ. "ಒಂದು ವಿಷಯ ಹೇಳ್ಬೇಕು. ನಿನ್ನೆವರೆಗೂ ಹೇಳೋ ಹಾಗಿರ್ಲಿಲ್ಲ, ದಾನಿ ಯಾರು ಅಂತ ನಿಮ್ಮ ಕಡೆಯವರಿಗೆ ಗೊತ್ತಾಗಬಾರದು ಅಂತ ನಿಯಮ. ಆ ಸೆಲ್ಸ್ ನಿಮ್ಮವು."

ನನಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ತಮ್ಮನಿಗೆ ಕಸಿ ಮಾಡುವಾಗ ನನ್ನಿಂದ ತೆಗೆದದ್ದರಲ್ಲಿ ಒಂದು ಚೀಲ, ಮುಂದೆ ಬೇಕಾದೀತೆಂದು, ಶೀತಲಪೆಟ್ಟಿಗೆಯಲ್ಲಿ ಉಳಿದಿತ್ತು. ತಮ್ಮ ಹೋದ ಮೇಲೆ ಅದನ್ನೇನು ಮಾಡುವುದೆಂದು ಆಸ್ಪತ್ರೆಯವರು ಕೇಳಿದ್ದರು. "ಚರಂಡಿಗೆ ಸುರೀರಿ, ಇಲ್ಲ ಪರೀಕ್ಷೆ ಮಾಡ್ಕೊಳ್ಳಿ, ನನ್ನನ್ನ ಕೇಳ್ಬೇಡಿ" ಎಂದು ನಾನೇ ಕೂಗಾಡಿ ಒಪ್ಪಿಗೆ ಕೊಟ್ಟಿದ್ದೆ. ಕೂಗಾಡಿದ್ದು ನೆನಪಿದೆ.

"ಬೇರೆ ಯಾರ ಸೆಲ್ಸೂ ಸಿಗಲಿಲ್ವಾ ನಿಮಗೆ?"

"ಸಿಗ್ತಿತ್ತು. ಅವನ್ನ ಒಗೆದು ಗೆದ್ದೆ ಅಂದ್ರೆ ನನಗೆ ನಿದ್ದೆ ಬರ್ತಿರ್ಲಿಲ್ಲ. ನನ್ನನ್ನ ಸೋಲಿಸಿದ್ದು ಇವು. ನನ್ನ ಸೇಡು ಇವುಗಳ ಮೇಲೇ." ಆಮೇಲೆ ನೆಲ ನೋಡಿಕೊಂಡು, "ಔಷಧಿ ಬೇಗ ಇಳಿಸಿದ್ದು ನನ್ನ ತಪ್ಪು. ಅದನ್ನ ಅವತ್ತೇ ಹೇಳ್ಬೇಕು ಅಂತಾನೇ ಬಂದಿದ್ದೆ. ಅದನ್ನ ಹೇಳೋಕೆ ಹೋದ್ರೆ ನಿಮ್ಮ ತಮ್ಮನನ್ನ ಕಡಿದದ್ದು ಏನು ಅಂತಲೂ ಹೇಳ್ಬೇಕಾಗ್ತಿತ್ತು. ನಿಮ್ಮ ಮುಖ ನೋಡಿ ಆಗ್ಲಿಲ್ಲ. ನೀವು ನನ್ನನ್ನೇ ಬೈಕೊಂಡು ಇದ್ರೆ ಇರಿ ಅನ್ನಿಸ್ತು" ಅಂದ.

"ಹೋಗಿ" ಅಂದೆ. ಹೋದ.

ನನ್ನ ಕೋಶಗಳ ಮೇಲೆ ಇವನಿಗೆ ಸೇಡಂತೆ. ಸೇಡು ನನ್ನದು. ಅದನ್ನೂ ಕಿತ್ತುಕೊಂಡ.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾವಲು ಕೋಶಗಳು ದಾನಿಯವು ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವಷ್ಟು ಗೊತ್ತಿತ್ತು. ಗೊತ್ತಿರುವುದು ಬೇರೆ, ಎದುರಿಗೆ ಕೂತು ಒಬ್ಬರು ಬಾಯಿಬಿಟ್ಟು ಹೇಳುವುದು ಬೇರೆ. ತಮ್ಮನ ಚರ್ಮ ಸುಲಿದದ್ದು ನಾನು. ಗೂನಪ್ಪನನ್ನು ಕಡಿದದ್ದೂ ನಾನು. ಕೆಂಪು ಪಂಜರದಲ್ಲಿ ಗುಂಡಗೆ ಓಡಾಡಿಕೊಂಡಿದ್ದ ಇಲಿಗಳಲ್ಲೂ ನಾನೇ ಇದ್ದೆ, ಒಗೆದ ನಾನು, ಯಾರನ್ನೂ ಕಡಿಯದ ನಾನು. ಅವುಗಳನ್ನು ಒಂದು ಸಲವೂ ಸರಿಯಾಗಿ ನೋಡಲಿಲ್ಲ.

ಏಪ್ರಿಲ್ ೫, ಶನಿವಾರ

ಅಮ್ಮನಿಗೆ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ.

"ನನಗೆ ಅವತ್ತೇ ಗೊತ್ತಿತ್ತು ಕಣೇ" ಅಂದಳು. "ನಿನ್ನ ತಮ್ಮನೇ ಹೇಳಿದ್ದ. ಅಕ್ಕಂಗೆ ಹೇಳ್ಬೇಡಮ್ಮ ಅಂದಿದ್ದ."

"ಮೂರು ವರ್ಷ ಸುಮ್ನಿದ್ಯಾ?"

"ನೀನು ಆ ಡಾಕ್ಟರನ್ನ ಬೈಕೊಂಡಾದ್ರೂ ಎರಡು ತುತ್ತು ತಿಂತಿದ್ದೆ. ನಾನ್ಯಾಕೆ ಬಾಯಿ ಹಾಕ್ಲಿ."

ಏಪ್ರಿಲ್ ೭, ಸೋಮವಾರ

ಪಂಜರಗಳ ವಿಷಯ ನಿರ್ದೇಶಕರಿಗೆ ಹೇಳಿಬಿಟ್ಟೆ. ಮೊದಲು ಕೆಂಪಿನವನ್ನು ಬೆಚ್ಚಗಿಟ್ಟದ್ದು, ಮೆತ್ತನೆ ಆಹಾರ ಕೊಟ್ಟದ್ದು, ಆಮೇಲೆ ನೀಲಿಯವನ್ನು ತಂದದ್ದು, ಸಿರಿಂಜಿನಲ್ಲಿ ಕುಡಿಸಿದ್ದು, ಎಲ್ಲಾ. ಪ್ರಾಮಾಣಿಕತೆ ಉಕ್ಕಿ ಬಂದು ಹೇಳಿದ್ದಲ್ಲ. ಈ ಪರೀಕ್ಷೆ ರದ್ದು ಎಂದಾದರೆ ಡಾಕ್ಟರ ಗೆಲುವು ನೀರುಪಾಲಾಗುತ್ತದೆ. ನನ್ನ ಕೈಯಲ್ಲಿ ಉಳಿದಿದ್ದ ಕೊನೆಯ ಕಲ್ಲು ಅದು, ಎಸೆದೆ. ನನಗೂ ಪೆಟ್ಟು ಬೀಳುತ್ತದೆ ಎಂದು ಗೊತ್ತಿತ್ತು.

ನಿರ್ದೇಶಕರು ಡಾಕ್ಟರನ್ನೂ ಲೆಕ್ಕದ ಮೇಡಂರನ್ನೂ ಕರೆಸಿದರು. ಲೆಕ್ಕದ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ತಲೆ ಮೇಲೆ ಕೈ ಹೊತ್ತರು. "ಮೊದಲು ಒಂದು ಕಡೆಗೆ ಸಾಕಿದೀರಿ, ಆಮೇಲೆ ಇನ್ನೊಂದು ಕಡೆಗೆ ಸಾಕಿದೀರಿ. ನೀವು ಯಾರ ಪರ ಇದ್ರಿ ಅನ್ನೋದೇ ನನ್ನ ಲೆಕ್ಕಕ್ಕೆ ಸಿಗಲ್ಲ" ಅಂದರು.

ಡಾಕ್ಟರು ಕೂಗಾಡಲಿಲ್ಲ. ನನ್ನನ್ನು ನೋಡಿ, "ಕಾಯಿಲೆ ಬಿದ್ದವಕ್ಕೆ ನೀವೇ ಕುಡಿಸಿದ್ರಾ?" ಅಂದರು. ಹೌದು ಅಂದೆ. "ಹಾಗಾದ್ರೆ ಮತ್ತೆ ಮೊದಲಿಂದ ಮಾಡೋಣ. ಆ ಹುಡುಗಿಗೆ ಕೊಡೋದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಬಾರದು. ಅಲ್ಲೀತನಕ ರಕ್ತ ಕೊಟ್ಟು ನೋಡ್ಕೋತೀವಿ, ಈ ವರ್ಷ ತಡ್ಕೋತಾಳೆ" ಅಂದರು. ಎಸೆದ ಕಲ್ಲನ್ನೂ ಮನುಷ್ಯ ಹೀಗೆ ಎತ್ತಿಟ್ಟುಕೊಂಡರೆ ನಾನೇನು ಮಾಡಬೇಕು? ಆ ಹುಡುಗಿಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ಚಳಿಗಾಳಿಯ ಕಿಂಡಿಯಿಂದಾಗಿ ಅವಳು ಇನ್ನಷ್ಟು ತಿಂಗಳು ಕಾಯಬೇಕು. ಇದು ನನಗೆ ಚುಚ್ಚುತ್ತಿದೆ, ಬಹಳ ಚುಚ್ಚುತ್ತಿದೆ.

ಇಲಿಕೋಣೆಯ ಬೀಗದ ಕೈ ವಾಪಸು ಕೊಟ್ಟೆ. ಮುಂದಿನ ಪರೀಕ್ಷೆಯನ್ನು ಬೇರೆಯವರು ಮಾಡುತ್ತಾರೆ. ನನ್ನನ್ನು ಈ ಕೆಲಸದಿಂದ ತೆಗೆದಿದ್ದಾರೆ, ಸರಿಯಾಗಿಯೇ ತೆಗೆದಿದ್ದಾರೆ.

ಹೊರಗೆ ಬರುವಾಗ ಡಾಕ್ಟರು ಮೆಟ್ಟಿಲ ಹತ್ತಿರ ನಿಂತಿದ್ದರು. "ನಿಮ್ಮ ಚೀಲ ಖಾಲಿ ಆಯ್ತು. ಬೇರೆ ದಾನಿಯದ್ದು ಇದೆ, ಅದರಲ್ಲಿ ಮಾಡ್ತೀನಿ" ಅಂದರು.

"ಬೇರೆಯವರದು ಯಾಕೆ?" ಅಂದೆ. "ಅವು ಇಷ್ಟು ಕಡೀತಾವೋ ಇಲ್ವೋ ಯಾರಿಗೆ ಗೊತ್ತು. ನನ್ನವನ್ನೇ ತಗೊಳ್ಳಿ. ಇನ್ನೊಂದ್ಸಲ ಸೋಲಿಸಿ ತೋರಿಸಿ."

"ಯೋಚನೆ ಮಾಡಿ ಹೇಳಿ."

"ಮಾಡಾಯ್ತು. ಯಾವಾಗ ಬರಲಿ ಹೇಳಿ."

ಅವರನ್ನು ನಾನು ಕ್ಷಮಿಸಿಲ್ಲ. ಔಷಧಿ ಬೇಗ ಇಳಿಸಿದ್ದು ಅವರೇ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ಏಪ್ರಿಲ್ ೨೨, ಮಂಗಳವಾರ

ಕಾಂಡಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯಲಿ ಎಂದು ನಾಲ್ಕು ದಿನದಿಂದ ಇಂಜೆಕ್ಷನ್ ಕೊಡುತ್ತಿದ್ದರು. ಮೂಳೆಮೂಳೆಯೂ ನೋಯುತ್ತಿತ್ತು, ಸೊಂಟವಂತೂ ನನ್ನದಲ್ಲವೇನೋ ಅನ್ನಿಸುತ್ತಿತ್ತು. ಇದೇ ನೋವು ಆಗಲೂ ಇತ್ತು. ಆಗ ತಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದ.

ಇವತ್ತು ಬೆಳಿಗ್ಗೆ ಅಮ್ಮ ಹೊಸ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ." ತಮ್ಮ ಹೋದ ಮೇಲೆ ಆ ಆಸ್ಪತ್ರೆಯ ರಸ್ತೆಯಲ್ಲೂ ಅವಳು ನಡೆದಿಲ್ಲ. ಬೇಡ ಅಂದೆ. "ಸುಮ್ನೆ ನಡಿಯೇ" ಅಂದಳು.

ರಕ್ತ ತೆಗೆಯುವ ಕೋಣೆಗೆ ಬಣ್ಣ ಹೊಸದಾಗಿ ಹೊಡೆಸಿದ್ದಾರೆ, ಯಂತ್ರ ಹಳೆಯದೇ. ಒಂದು ತೋಳಿನಿಂದ ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ಸುತ್ತಿ, ಬೇಕಾದದ್ದನ್ನು ಬಿಟ್ಟುಕೊಟ್ಟು, ಇನ್ನೊಂದು ತೋಳಿಗೆ ವಾಪಸು ಬರುತ್ತದೆ. ಡಾಕ್ಟರು ಬಂದು, ಈ ಸಲ ಒಳಗೇ ಬಂದು, ಮಂಚದ ಪಕ್ಕ ನಿಂತು ಕೊಳವೆಗಳನ್ನು ತಾವೇ ನೋಡಿದರು. "ಸುಮ್ನೆ ಬಿಡಬೇಡಿ ಆ ಸೆಲ್ಸನ್ನ" ಅಂದೆ. "ಇಲ್ಲ" ಅಂದರು. ಅಮ್ಮ ಅವರಿಗೆ, "ಸರಿಯಾಗಿ ಊಟ ಮಾಡಿ ಡಾಕ್ಟ್ರೇ" ಅಂದಳು. ನನಗೆ ಸಿಟ್ಟು ಬಂತು, ಆದರೆ ಬರಬೇಕಾದಷ್ಟು ಬರಲಿಲ್ಲ. ಇಂಜೆಕ್ಷನ್ನಿನ ಸುಸ್ತು ಇರಬೇಕು.

ಸೂಜಿ ಹಾಕಲು ಬಂದ ನರ್ಸ್ ಹೊಸಬಳು, ನಮ್ಮ ಕತೆ ಗೊತ್ತಿಲ್ಲದವಳು. ತೋಳು ಒರೆಸುತ್ತಾ, ಎಲ್ಲಾ ದಾನಿಗಳನ್ನು ಕೇಳುವ ಹಾಗೆ ಕೇಳಿದಳು, "ಯಾರಿಗೆ ಕೊಡ್ತಿದೀರಿ ಮೇಡಂ?"

"ನನ್ನ ತಮ್ಮನಿಗೆ" ಅಂದೆ.

ಇಲಿಗಳಿಗೆ ಅನ್ನಬೇಕಿತ್ತು. ಅಮ್ಮ ಕುರ್ಚಿಯಿಂದ ನನ್ನ ಕಡೆ ನೋಡಿದಳು, ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.

"ಒಳ್ಳೇ ಅಕ್ಕ ಸಿಕ್ಕಿದಾರೆ ಬಿಡಿ ಅವರಿಗೆ" ಅಂದಳು ನರ್ಸ್, ಸೂಜಿ ಚುಚ್ಚಿದಳು.